ಪಾಲಿಗಾನ್‌ನಲ್ಲಿ ಸೇರಿಸಿದ ಕೀಲಿ ಇಥೀರಿಯಂನಲ್ಲಿ ಕಾಣಿಸದಿದ್ದಾಗ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಗುಂಪೊಂದಕ್ಕೆ ಡಿಜಿಟಲ್ ಸದಸ್ಯತ್ವ ಪತ್ರ ಮಾಡಿಕೊಡುತ್ತಿದ್ದೆ. ಇಥೀರಿಯಂ ಎಂಬ ಬ್ಲಾಕ್‌ಚೈನ್‌ನಲ್ಲಿ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ದಾಖಲೆ ಪುಸ್ತಕ) ಫೀಸ್ ಜಾಸ್ತಿ ಅಂತ ಗುಂಪಿನ ಡಿಐಡಿಗೆ, ಅಂದರೆ ಡಿಜಿಟಲ್ ಗುರುತಿಗೆ, ಬೇಕಾದ ಸಹಿ ಕೀಲಿಯನ್ನು ಪಾಲಿಗಾನ್ ಎಂಬ ಇನ್ನೊಂದು ಚೈನ್‌ನಲ್ಲಿ ದಾಖಲಿಸಿದ್ದೆವು. ಪತ್ರ ಪರಿಶೀಲಿಸುವ ಖರೀದಿದಾರರ ಆ್ಯಪ್ ಇಥೀರಿಯಂ ಮಾತ್ರ ನೋಡುತ್ತಿತ್ತು. ಪ್ರತಿ ಪತ್ರಕ್ಕೂ ಒಂದೇ ಉತ್ತರ: ಸಹಿ ಸರಿಯಿಲ್ಲ.

ತಲೆ ತಿಂದದ್ದು ಏನಂದ್ರೆ, ಡಿಐಡಿ ಸಿಗಲಿಲ್ಲ ಅನ್ನುವ ಎರರ್ ಬರಲೇ ಇಲ್ಲ. ನಾವು ಬಳಸಿದ ಇಟಿಎಚ್‌ಆರ್ ಮಾದರಿಯ ಡಿಐಡಿಗೆ ಮೊದಲೇ ನೋಂದಣಿ ಬೇಕಿಲ್ಲ ನೋಡಿ, ಯಾವ ವಿಳಾಸ (ಚೈನ್‌ನಲ್ಲಿನ ಖಾತೆ ಸಂಖ್ಯೆ) ಕೊಟ್ಟರೂ ರಿಸಾಲ್ವರ್, ಅಂದರೆ ಡಿಐಡಿಯ ಕೀಲಿಗಳನ್ನು ಹುಡುಕಿ ಕೊಡುವ ತಂತ್ರಾಂಶ, ಸುಮ್ನೆ ಒಂದು ಡೀಫಾಲ್ಟ್ ದಾಖಲೆ ಕಟ್ಟಿ ಕೊಡುತ್ತದೆ, ಅದರಲ್ಲಿ ಮಾಲೀಕನ ಕೀಲಿ ಮಾತ್ರ ಇರುತ್ತದೆ. ಸಹಿ ಹಾಕುತ್ತಿದ್ದದ್ದು ಕಾರ್ಯದರ್ಶಿ ಫೋನ್‌ನಲ್ಲಿದ್ದ ಡೆಲಿಗೇಟ್ ಕೀಲಿ, ಅಂದರೆ ಮಾಲೀಕನ ಪರವಾಗಿ ಸಹಿ ಹಾಕಲು ಒಪ್ಪಿಗೆ ಪಡೆದದ್ದು. ಅದು ಇದ್ದದ್ದು ಪಾಲಿಗಾನ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ಇಂಥ ಕೀಲಿಗಳನ್ನು ಬರೆದಿಡುವ ಕಡೆ. ಸಾಗರದ ಮನೆಯನ್ನು ಹೊಸನಗರದಲ್ಲಿ ಹುಡುಕಿದ ಹಾಗಾಯಿತು.

ಡಿಐಡಿಯಲ್ಲೇ ಚೈನ್ ಸಂಖ್ಯೆ ಸೇರಿಸಿದೆ. ಬರೆಯದಿದ್ದರೆ ಇಥೀರಿಯಂನ ಮುಖ್ಯ ಜಾಲ (ಮೇನ್‌ನೆಟ್) ಅಂತಲೇ ಲೆಕ್ಕ. ಪಾಲಿಗಾನ್‌ನದು 137, ಹದಿನಾರರ ಆಧಾರದ ಹೆಕ್ಸ್ ಸಂಖ್ಯೆಯಲ್ಲಿ 0ಎಕ್ಸ್89. ಹಾಗಾಗಿ ಡಿಐಡಿ:ಇಟಿಎಚ್‌ಆರ್:0ಎಕ್ಸ್89, ಅದರ ಮುಂದೆ ವಿಳಾಸ. ಆಮೇಲೆ ಖರೀದಿದಾರರ ಕಡೆಯ ರಿಸಾಲ್ವರ್‌ಗೆ ಪಾಲಿಗಾನ್‌ನ ಆರ್‌ಪಿಸಿ (ಚೈನ್ ಓದಲು ಸಂಪರ್ಕಿಸುವ ಸರ್ವರ್) ಮತ್ತು ರಿಜಿಸ್ಟ್ರಿ ವಿಳಾಸ ಕೊಡಿಸಿದೆ. ಮರುಕ್ಷಣವೇ ಹಸಿರು ಟಿಕ್. ಹಳೆ ಪತ್ರಗಳನ್ನು ಮಾತ್ರ ಹೊಸದಾಗಿ ಕೊಡಬೇಕಾಯಿತು, ಡಿಐಡಿ ಬದಲಾಯಿಸಿದರೆ ಹಳೆ ಸಹಿ ಕೆಟ್ಟುಹೋಗುತ್ತದೆ ಅಲ್ವಾ.

ಚೈನೇ ಬೇಡ, ಕೀಲಿಯೇ ಗುರುತಾಗುವ 'ಡಿಐಡಿ:ಕೀ' ಬಳಸಿ ಅಂತ ಗೆಳೆಯನೊಬ್ಬ ಹೇಳಿದ್ದ. ಅದರಲ್ಲಿ ಕೀಲಿ ಬದಲಾಯಿಸಲು ಆಗುವುದಿಲ್ಲ. ಆಗುಂಬೆ ಮಳೆಗೆ ಕಾರ್ಯದರ್ಶಿ ಫೋನ್ ಸತ್ತರೆ ಇಡೀ ಗುರುತೇ ಹೋಯಿತು. ಈಗಾದರೆ ಮಾಲೀಕನ ಕೀಲಿಯಿಂದ ಹೊಸ ಡೆಲಿಗೇಟ್ ಸೇರಿಸಿದರೆ ಸಾಕು.