ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿದ್ದ ಕಾರ್ಟ್

"ಮಾಮ, ಬ್ರೇಕ್ ಒತ್ತಿದ ತಕ್ಷಣ ಎಡಕ್ಕೆ ಎಳೀತಿದೆ. ಸ್ಟೇರಿಂಗ್ ಬಲಕ್ಕೆ ಹಿಡ್ಕೊಂಡೇ ಇರ್ಬೇಕು."

ಹೆಲ್ಮೆಟ್ ತೆಗೆಯುವ ಮೊದಲೇ ಅಕ್ಕನ ಮಗ ಹೇಳಿದ ಮಾತು ಇದು. ಅವನು ಓಡಿಸುವುದು 125 ಸಿಸಿ ರೋಟಾಕ್ಸ್ ಮ್ಯಾಕ್ಸ್ ಎಂಜಿನ್ ಇರುವ ಗೋ-ಕಾರ್ಟ್, ರೇಸಿನ ಪುಟ್ಟ ಗಾಡಿ. ಬೆಂಗಳೂರಿನ ಟ್ರ್ಯಾಕ್‌ನಲ್ಲಿ ಅಭ್ಯಾಸ. ಮೆಕ್ಯಾನಿಕ್ ನಾನೇ. ಅದಕ್ಕೆ ಮೊದಲು 20 ವರ್ಷ ಕಾರು ರಿಪೇರಿ ಮಾಡಿದ್ದೆ. ಆ ಅನುಭವವೇ ನನ್ನನ್ನು ಎರಡು ದಿನ ದಾರಿ ತಪ್ಪಿಸಿತು.

ಕಾರಿನಲ್ಲಿ ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆದರೆ ನಾವು ಮೊದಲು ನೋಡುವುದು ಮುಂದಿನ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್ ಒತ್ತಿ ಹಿಡಿಯುವ ಭಾಗ. ಒಂದು ಕಡೆ ಜೋರಾಗಿ ಹಿಡಿಯುತ್ತಿದೆ, ಇನ್ನೊಂದು ಕಡೆ ಜಾಮ್ ಆಗಿದೆ ಅಂತ ಅರ್ಥ. ಈ ಕಾರ್ಟ್‌ನಲ್ಲಿ ಮುಂದೆ ಬ್ರೇಕೇ ಇಲ್ಲ. ಹಿಂದಿನ ಆಕ್ಸಲ್ ಮೇಲೆ ಒಂದೇ ಡಿಸ್ಕ್. ಎಂಜಿನ್ ಬಲಗಡೆ ಕೂರುವುದರಿಂದ ಡಿಸ್ಕ್ ಸೀಟಿನ ಎಡಗಡೆ ಇರುತ್ತದೆ. ಡಿಸ್ಕ್ ಎಡಗಡೆ ಇದೆ, ಎಡಕ್ಕೇ ಎಳೆಯುತ್ತಿದೆ, ಇನ್ನೇನು ಬೇಕು ಅಂದುಕೊಂಡೆ. ಹೊಸ ಪ್ಯಾಡ್ ಹಾಕಿದೆ. ಕ್ಯಾಲಿಪರ್ ಬಿಚ್ಚಿ ಸೀಲ್ ಬದಲಿಸಿದೆ. ಹೊಸ ಡಾಟ್ 4 ಬ್ರೇಕ್ ಆಯಿಲ್ ತುಂಬಿಸಿ ಪೈಪಿನ ಏರ್ ತೆಗೆದೆ. ಶನಿವಾರ ಪೂರ್ತಿ ಅದರಲ್ಲೇ ಹೋಯಿತು. ಭಾನುವಾರ ಬೆಳಿಗ್ಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕಾರ್ಟ್ ಮಾತ್ರ ಎಡಕ್ಕೇ ಎಳೆಯುತ್ತಿತ್ತು.

ಪಕ್ಕದ ಟೆಂಟಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿದರು. "ಸಾರ್, ಆ ಹಿಂದಿನ ಎಡ ಚಕ್ರ ತಿರುಗಿಸಿ," ಅಂದರು. ತಿರುಗಿಸಿದೆ. ಬಲ ಚಕ್ರವೂ ಜೊತೆಗೇ ತಿರುಗಿತು. ಅವರು ಇನ್ನೇನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಕಾರ್ಟ್‌ಗೆ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ, ಇಲ್ಲ. ಎರಡೂ ಹಿಂದಿನ ಚಕ್ರಗಳು 50 ಮಿಲಿಮೀಟರ್ ದಪ್ಪದ ಒಂದೇ ಕೊಳವೆಗೆ (ಅದೇ ಆಕ್ಸಲ್) ಬಿಗಿದಿರುತ್ತವೆ. ಡಿಸ್ಕ್ ಆ ಕೊಳವೆಯ ಎಡಕ್ಕಿದ್ದರೇನು, ಬಲಕ್ಕಿದ್ದರೇನು? ಅದು ನಿಲ್ಲಿಸುವುದು ಕೊಳವೆಯನ್ನು. ಎರಡೂ ಚಕ್ರ ಒಟ್ಟಿಗೆ ನಿಧಾನವಾಗುತ್ತವೆ, ಲಾಕ್ ಆದರೂ ಒಟ್ಟಿಗೇ ಆಗುತ್ತವೆ. ಹಾಗಿದ್ದರೆ ಒಂದು ಕಡೆ ಎಳೆಯುವುದು ಹೇಗೆ? ಯಾವ ಟೈರ್ ಮೇಲೆ ಭಾರ ಜಾಸ್ತಿಯೋ ಅದು ನೆಲವನ್ನು ಜಾಸ್ತಿ ಹಿಡಿಯುತ್ತದೆ. ಕಾರ್ಟ್ ಆ ಕಡೆಗೇ ತಿರುಗುತ್ತದೆ. ಅಂದರೆ ನಾನು ಹುಡುಕಬೇಕಾಗಿದ್ದದ್ದು ಬ್ರೇಕನ್ನಲ್ಲ, ಭಾರವನ್ನು. (ಗೇರ್ ಇರುವ ಕೆಝಡ್ ವರ್ಗದ ಕಾರ್ಟ್‌ಗಳಲ್ಲಿ ಮುಂದೆಯೂ ಬ್ರೇಕ್ ಇರುತ್ತದೆ. ಅಲ್ಲಿ ಕಾರಿನ ಲೆಕ್ಕ ನಡೆಯುತ್ತದೆ.)

ಅಲ್ಲಿಂದ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಸ್ಪ್ಯಾನರ್ ಕೆಳಗಿಟ್ಟು ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಬ್ರೇಕ್ ಇಲ್ಲದೆ ಸುಮ್ನೆ ಓಡುವಾಗ ಎಳೆಯುತ್ತದಾ? ಇಲ್ಲ. ಒತ್ತಿದ ಕ್ಷಣದಲ್ಲೋ, ತಿರುವಿಗೆ ಇಳಿಯುವಾಗಲೋ? ಒತ್ತಿದ ಕ್ಷಣದಲ್ಲೇ, ನೇರ ದಾರಿಯಲ್ಲೇ. ಬಿಟ್ಟ ಮೇಲೆ? ಸರಿಹೋಗುತ್ತದೆ.

ಈ ಮೂರು ಉತ್ತರಗಳಿಂದ ಅರ್ಧ ಕೆಲಸ ಮುಗಿದ ಹಾಗೆ. ಹಿಂದಿನ ಟೈರ್‌ಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಆಗಿದ್ದರೆ ಬ್ರೇಕ್ ಇಲ್ಲದೆಯೂ ಎಳೆಯಬೇಕಿತ್ತು. ಆದರೂ ಟೇಪ್ ಹಿಡಿದು ಎರಡರ ಸುತ್ತಳತೆ ನೋಡಿದೆ, ಗಾಳಿಯನ್ನೂ ನೋಡಿದೆ. ಎರಡೂ ಸರಿ. ಎಡದ ಟೈರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಓಡಿಸಿದೆವು. ಎಳೆತ ಕಡೆ ಬದಲಿಸಲಿಲ್ಲ. ಟೈರ್ ತಪ್ಪಲ್ಲ ಅಂತಾಯಿತು.

ಇನ್ನೊಂದು ಅನುಮಾನ ಚಾಲಕನ ಕೈ ಮೇಲೆ. ಕಾರ್ಟ್‌ನಲ್ಲಿ ಬ್ರೇಕ್ ಒತ್ತುವುದು ಎಡಗಾಲಿನಲ್ಲಿ. ಜೋರಾಗಿ ಒತ್ತುವಾಗ ಮೈ ಬಿಗಿಯಾಗಿ, ಗೊತ್ತಿಲ್ಲದೆಯೇ ಒಂದು ಕೈ ಸ್ಟೇರಿಂಗ್ ಎಳೆದುಬಿಡುತ್ತದೆ. ಅದಕ್ಕೆ ಅವನ ಗೆಳೆಯನನ್ನು ಕೂರಿಸಿ ನಾಲ್ಕು ಸುತ್ತು ಕಳಿಸಿದೆ. ಅವನೂ ಅದನ್ನೇ ಹೇಳಿದ. ಮುಂದಿನ ಚಕ್ರಗಳ ಟೋ, ಅಂದರೆ ಅವುಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿದೆಯಾ ಅಂತ ಅಳೆದೆ. ನೇರವಾಗಿತ್ತು.

ಆಮೇಲೆ ನಾನು ಮಾಡಿದ ಒಂದು ಕೆಲಸವನ್ನು ಈಗ ಎಲ್ಲರಿಗೂ ಹೇಳುತ್ತೇನೆ. ಹಿಂದೆ ಯಾರೂ ಇಲ್ಲದಾಗ, ನೇರ ದಾರಿಯಲ್ಲಿ ಒಂದು ಸಲ ಚಕ್ರ ಲಾಕ್ ಆಗುವಷ್ಟು ಬ್ರೇಕ್ ಒತ್ತಲು ಹೇಳಿದೆ. ಊಟದ ಬಿಡುವಿನಲ್ಲಿ ಟ್ರ್ಯಾಕ್ ಖಾಲಿಯಾದಾಗ ಕೇಳಿಕೊಂಡು ನಡೆದು ಹೋಗಿ ನೋಡಿದೆ. ಡಾಂಬರಿನ ಮೇಲೆ ಎರಡು ಗೆರೆ. ಎರಡೂ ಒಂದೇ ಜಾಗದಲ್ಲಿ ಶುರುವಾಗಿದ್ದವು, ಒಂದೇ ಆಕ್ಸಲ್ ಅಲ್ವಾ. ಎಡಗೆರೆ ಕಡು ಕಪ್ಪು. ಬಲದ್ದು ಬೂದು ಬಣ್ಣದ್ದು, ಅಲ್ಲಲ್ಲಿ ಮಾಸಿದ ಹಾಗೆ. ಹಿಂದಿನ ಎಡ ಚಕ್ರದ ಮೇಲೆ ಭಾರ ಜಾಸ್ತಿ ಇತ್ತು.

ಎಷ್ಟು ಜಾಸ್ತಿ ಅಂತ ನೋಡಲು ತೂಕ ಮಾಡಲೇಬೇಕು. ರೇಸಿಂಗ್‌ನವರ ನಾಲ್ಕು ಚಕ್ರದ ತೂಕದ ಸೆಟ್ ದುಬಾರಿ. ಮನೆಯಲ್ಲಿ ನಿಂತು ತೂಕ ನೋಡುವ ಡಿಜಿಟಲ್ ಯಂತ್ರ ನಾಲ್ಕು ತಂದೆ, ಎಲ್ಲ ಒಂದೇ ಮಾದರಿಯವು. ಗ್ಯಾರೇಜಿನ ನೆಲ ಸಮ ಇರಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡುವ ಹಾಗೆ ನೀರು ತುಂಬಿದ ಪೈಪ್ ಹಿಡಿದು, ತಗ್ಗಿದ್ದ ಕಡೆ ಟೈಲ್ಸ್ ಚೂರು ಕೊಟ್ಟು ನಾಲ್ಕನ್ನೂ ಸಮ ಮಾಡಿದೆ. ಈ ಕೆಲಸದಲ್ಲಿ ಅವಸರ ಬೇಡ. ಒಂದು ಮೂಲೆ ನಾಲ್ಕೈದು ಮಿಲಿಮೀಟರ್ ತಗ್ಗಿದ್ದರೂ ಬರುವ ಅಂಕಿಗಳೆಲ್ಲ ಸುಳ್ಳು. ಹುಡುಗ ಹೆಲ್ಮೆಟ್ ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ, ಕೈ ಸ್ಟೇರಿಂಗ್ ಮೇಲಿಟ್ಟು, ನೇರ ನೋಡುತ್ತಾ ಕೂತ. ತಲೆ ಬಗ್ಗಿಸಿ ಅಂಕಿ ನೋಡಲು ಹೋದರೂ ತೂಕ ಬದಲಾಗುತ್ತದೆ.

ಬಂದ ತೂಕ ಹೀಗಿತ್ತು: ಮುಂದೆ ಎಡ 32 ಕೆಜಿ, ಮುಂದೆ ಬಲ 36. ಹಿಂದೆ ಎಡ 48, ಹಿಂದೆ ಬಲ 44. ಒಟ್ಟು 160. ಎಡಗಡೆ 80, ಬಲಗಡೆಯೂ 80. ಮುಂದೆ ಶೇ 42.5, ಹಿಂದೆ ಶೇ 57.5. ಇವೆರಡೂ ಚೆನ್ನಾಗೇ ಇದ್ದವು, ಹಾಗಾಗಿ ಸೀಟಿನ ಜಾಗ ತಪ್ಪಿರಲಿಲ್ಲ. ತಪ್ಪಿದ್ದು ಓರೆಯಲ್ಲಿ. ಹಿಂದಿನ ಎಡ ಮತ್ತು ಮುಂದಿನ ಬಲ ಸೇರಿದರೆ 84, ಇನ್ನೆರಡು ಸೇರಿದರೆ 76. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಉದ್ದವಾದರೆ ಆ ಕಾಲೂ ಅದರ ಎದುರು ಮೂಲೆಯ ಕಾಲೂ ಭಾರ ಹೊರುತ್ತವೆ, ಹಾಗೆ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ. ಕೊಳವೆಗಳ ಚೌಕಟ್ಟಾದ ಚಾಸಿಯೇ ಬಾಗಬೇಕು. ಅದಕ್ಕೆ ಸಣ್ಣ ಎತ್ತರವೂ ನೇರ ಚಕ್ರದ ಭಾರವಾಗಿ ಕಾಣುತ್ತದೆ.

ಚಾಸಿಯೇ ತಿರುಚಿಕೊಂಡಿದೆ ಅಂತ ಹೆದರಿದೆ. ಅದು ದೊಡ್ಡ ಖರ್ಚು. ಆಗ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿಕೊಂಡೆ: ಇದು ಶುರುವಾಗಿದ್ದು ಯಾವಾಗ? ಎರಡು ವಾರದ ಹಿಂದೆ ಮುಂದಿನ ಬಲ ಚಕ್ರ ಕರ್ಬ್‌ಗೆ (ಟ್ರ್ಯಾಕ್ ಅಂಚಿನ ಕಟ್ಟೆಗೆ) ಬಡಿದು, ಆ ಚಕ್ರವನ್ನು ಹೊರುವ ಗಿಡ್ಡ ಸ್ಟಬ್ ಆಕ್ಸಲ್ ಬಾಗಿತ್ತು. ರಾತ್ರಿ ಕೂತು ಹೊಸದು ಹಾಕಿದವನು ನಾನೇ. ಸ್ಟಬ್ ಆಕ್ಸಲ್‌ನ ಮೇಲೂ ಕೆಳಗೂ ವಾಷರ್ ಬರುತ್ತವೆ. ಮುಂದಿನ ಎತ್ತರ ಹೊಂದಿಸುವುದೇ ಅವುಗಳಿಂದ. ಎರಡೂ ಕಡೆ ಬಿಚ್ಚಿ ನೋಡಿದೆ. ಎಡಗಡೆ ಮೇಲೆ ಒಂದು, ಕೆಳಗೆ ಎರಡು. ಬಲಗಡೆ ಮೇಲೆ ಎರಡು, ಕೆಳಗೆ ಒಂದು. ಒಂದೇ ಒಂದು ವಾಷರ್ ಸ್ಥಳ ತಪ್ಪಿ ಬಲ ಚಕ್ರವನ್ನು ಕೆಳಕ್ಕೆ ಒತ್ತಿ, ಓರೆಯಲ್ಲಿ ಹಿಂದಿನ ಎಡ ಚಕ್ರದ ಮೇಲೆ ಭಾರ ಹಾಕಿತ್ತು.

ಸರಿಮಾಡಿ ಮತ್ತೆ ತೂಗಿದಾಗ ಮುಂದೆ 33.5 ಮತ್ತು 34.5, ಹಿಂದೆ 46.5 ಮತ್ತು 45.5 ಬಂತು.

ಮುಂದಿನ ಶನಿವಾರ ನೇರ ದಾರಿಯಲ್ಲಿ ಎಳೆತ ಹೋಗಿತ್ತು. ಅದು ಹೋದ ಮೇಲೆ ಅದರಡಿ ಅಡಗಿದ್ದ ಇನ್ನೊಂದು ತೊಂದರೆ ಕಂಡಿತು. ಕರ್ಬ್ ಮೇಲೆ ಹತ್ತಿ ಇಳಿದ ಮೇಲೆ ಮೊದಲ ಸಲ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಸರಿ ಅಂದ ಹುಡುಗ. ಏರ್ ಇದ್ದಿದ್ದರೆ ಪೆಡಲ್ ಯಾವಾಗಲೂ ಮೆತ್ತಗಿರುತ್ತದೆ. ಕರ್ಬ್ ಆದ ಮೇಲೆ ಮಾತ್ರ ಅಂದರೆ ಡಿಸ್ಕ್ ಅಲುಗಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಆಕ್ಸಲ್ ಹಿಡಿದು ಅಲ್ಲಾಡಿಸಿದೆ. ಡಿಸ್ಕ್ ಪಕ್ಕದ ಬೇರಿಂಗ್ ಸವೆದು ಆಡುತ್ತಿತ್ತು. ಬೇರಿಂಗ್ ಬದಲಿಸಿ, ಡಿಸ್ಕ್ ಎರಡೂ ಪ್ಯಾಡ್‌ಗಳ ಸರಿ ಮಧ್ಯಕ್ಕೆ ಬರುವ ಹಾಗೆ ಕ್ಯಾಲಿಪರ್‌ಗೆ ತೆಳು ವಾಷರ್ ಕೊಟ್ಟೆ. ಆ ಸಲ ಪ್ರತಿ ವಾಷರ್ ಎಲ್ಲಿಂದ ಬಂತು, ಎಲ್ಲಿ ಕೂತಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಫೋನಿನಲ್ಲಿ ಫೋಟೋ ತೆಗೆದುಕೊಂಡ ಮೇಲೆಯೇ ಹುಡುಗನಿಗೆ ಹೆಲ್ಮೆಟ್ ಹಾಕಿಕೊಳ್ಳಲು ಹೇಳಿದೆ.