ಮಧ್ಯಾಹ್ನ ಹೊರಟು ಅದೇ ಸಂಜೆ ಅಮೆರಿಕಾ: ವಿಮಾನದ ದೂರ, ತಾಸಿನ ಲೆಕ್ಕ ಹಾಕುವುದು ಹೇಗೆ?

ಮೇ ತಿಂಗಳಲ್ಲಿ ಮಗನ ಮನೆಗೆ ಹೊರಟ ನಮ್ಮತ್ತೆ ಟಿಕೆಟ್ ಹಿಡಿದು ಜಗಲಿಗೆ ಬಂದರು. ಬೆಂಗಳೂರು ಬಿಡುವುದು ಮಧ್ಯಾಹ್ನ 2.30, ಸ್ಯಾನ್ ಫ್ರಾನ್ಸಿಸ್ಕೊ ತಲುಪುವುದು ಅದೇ ದಿನ ಸಂಜೆ 6. ‘ಬರೀ ಮೂರೂವರೆ ತಾಸಾ? ಶಿರಸಿಯಿಂದ ಹುಬ್ಬಳ್ಳಿ ಮುಟ್ಟೋಕೇ ಬಸ್ಸಿಗೆ ಮೂರು ತಾಸು ಬೇಕಲ್ಲ!’ ಅಂದರು. ಅನುಮಾನ ಸರಿಯಾಗಿಯೇ ಇತ್ತು.

ಮೊದಲು ದೂರ ನೋಡೋಣ. ಗೋಡೆಯ ನಕಾಶೆ ಮೇಲೆ ಸ್ಕೇಲ್ ಇಡಬೇಡಿ. ಉಂಡೆ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವದ ಕಡೆಯ ಜಾಗವೆಲ್ಲ ಹಿಗ್ಗಿರುತ್ತದೆ. ಮಕ್ಕಳ ಗ್ಲೋಬ್ ತನ್ನಿ, ಜೊತೆಗೊಂದು ದಾರ. ನಾವು ಹೂ ಕಟ್ಟಲು ಇಟ್ಟಿದ್ದ ಬಾಳೆನಾರನ್ನೇ ಬಳಸಿದೆವು. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲಿಟ್ಟು ಬಿಗಿಯಾಗಿ ಎಳೆಯಿರಿ. ನಾರು ತಾನೇ ಜಾರಿ ಹತ್ತಿರದ ದಾರಿ ಹಿಡಿಯುತ್ತದೆ. ಅರಬ್ಬಿ ಸಮುದ್ರ ದಾಟುತ್ತದೆ ಅಂದುಕೊಂಡಿದ್ದರು ಅತ್ತೆ. ಅದು ಹೋಗಿದ್ದು ಚೀನಾ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದಿದ್ದು ಇನ್ನೂ ಮೇಲೆ, ಉತ್ತರ ಧ್ರುವ ದಾಟಿ.

ಈಗ ಆ ನಾರನ್ನು ಅಳೆಯಿರಿ. ನಮ್ಮದು 33 ಸೆಂ.ಮೀ. ಬಂತು. ಗ್ಲೋಬಿನ ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ ಹತ್ತಿರ ಹತ್ತಿರ 425 ಕಿ.ಮೀ. ಗುಣಿಸಿದರೆ 14,000 ಕಿ.ಮೀ. ಆಯ್ತು.

ದೊಡ್ಡ ಜೆಟ್ ವಿಮಾನ ಮೇಲೇರಿದ ಮೇಲೆ ತಾಸಿಗೆ ಸುಮಾರು 900 ಕಿ.ಮೀ. ಓಡುತ್ತದೆ. ದೂರವನ್ನು ಅದರಿಂದ ಭಾಗಿಸಿ, ಏರುವುದು ಇಳಿಯುವುದಕ್ಕೆ ಅರ್ಧ ತಾಸು ಸೇರಿಸಿ. 16 ತಾಸು. ಅಷ್ಟೆತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹಾಗಾಗಿ ಪೂರ್ವಕ್ಕೆ ಹೋಗುವಾಗ ಬೇಗ, ಪಶ್ಚಿಮಕ್ಕೆ ಹೋಗುವಾಗ ತಡ.

ಹಾಗಿದ್ರೆ ಟಿಕೆಟ್ಟಿನ ಮೂರೂವರೆ ತಾಸು ಎಲ್ಲಿಂದ ಬಂತು? ಟಿಕೆಟ್ ಮೇಲಿನ ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಸುಮ್ನೆ ಕಳೆದರೆ ತಪ್ಪು. ಎರಡನ್ನೂ ನಮ್ಮ ಗಡಿಯಾರಕ್ಕೆ ತನ್ನಿ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 12.30 ತಾಸು ಹಿಂದೆ. ಚಳಿಗಾಲದಲ್ಲಿ ಅವರು ಗಡಿಯಾರ ಒಂದು ತಾಸು ಹಿಂದಿಡುತ್ತಾರೆ, ಆಗ 13.30. ಅಲ್ಲಿ ಸಂಜೆ 6 ಆದಾಗ ಶಿರಸಿಯಲ್ಲಿ ಮರುದಿನ ಬೆಳಿಗ್ಗೆ 6.30. ಮಧ್ಯಾಹ್ನ 2.30ರಿಂದ ಎಣಿಸಿ: 16 ತಾಸು. ನಾರಿನ ಲೆಕ್ಕಕ್ಕೆ ತಾಳೆಯಾಯ್ತು ಅಲ್ವಾ?

ದುಬೈಗೆ ಓಡಾಡುವ ಭಟ್ಕಳದವರಿಗೆ ಇದು ಹೊಸದಲ್ಲ. ಮಂಗಳೂರಿನಿಂದ ದುಬೈಗೆ ಸುಮಾರು 2,460 ಕಿ.ಮೀ., ಗಡಿಯಾರ ಒಂದೂವರೆ ತಾಸು ಹಿಂದೆ. ಬೆಳಿಗ್ಗೆ 8ಕ್ಕೆ ಹತ್ತಿ ಅಲ್ಲಿಯ 10ಕ್ಕೆ ಇಳಿದರೆ ಕೂತಿದ್ದು ಎರಡಲ್ಲ, ಮೂರೂವರೆ ತಾಸು.

ಒಂದು ಲೆಕ್ಕ ಯಾವ ಟಿಕೆಟ್ಟಿನಲ್ಲೂ ಇರುವುದಿಲ್ಲ. ಅತ್ತೆ ಹಿಂದಿನ ರಾತ್ರಿ 8ಕ್ಕೆ ಶಿರಸಿಯಲ್ಲಿ ಬಸ್ ಹತ್ತಬೇಕು. ಅಲ್ಲಿಂದ ವಿಮಾನ ಮೇಲೇಳುವವರೆಗೆ ಹದಿನೆಂಟೂವರೆ ತಾಸು, ಹಾರಾಟಕ್ಕಿಂತಲೂ ಜಾಸ್ತಿ! ಇದನ್ನು ಹೇಳಿದೆ. ಅವರ ಚಿಂತೆ ಬೇರೆಯೇ ಇತ್ತು, ಹಾಳೆಯಷ್ಟು ತೆಳ್ಳಗಿನ ನಮ್ಮ ಸಿಹಿತಿಂಡಿ ತೊಡದೇವಿನದ್ದು: ‘ಅಷ್ಟೊತ್ತಿಗೆ ತೊಡದೇವು ಪುಡಿಯಾಗ್ತದೇನೋ?’