ಕುಸ್ತಿಗೆ ಮೈ ಬಾಗಬೇಕು: ಗರಡಿ ಸಾಮಿಗೆ ನಾನು ಸೇರಿಸಿಕೊಂಡದ್ದು

ಸಿಂಗಲ್ ಲೆಗ್‌ನಲ್ಲಿ, ಅಂದರೆ ಒಂದೇ ಕಾಲು ಹಿಡಿದು ಬೀಳಿಸುವ ಪಟ್ಟಿನಲ್ಲಿ, ಕಾಲು ಎದುರಾಳಿಯ ಕೈಗೆ ಸಿಕ್ಕರೆ ಅವನು ಅದನ್ನು ಎದೆಮಟ್ಟಕ್ಕೆ ಎತ್ತುತ್ತಾನೆ. ನೆಲದಲ್ಲಿ ಉಳಿದ ಒಂದೇ ಕಾಲಿನ ಮೇಲೆ ಕುಪ್ಪಳಿಸುತ್ತಾ, ಎತ್ತಿದ ಕಾಲನ್ನು ಒಳಕ್ಕೆ ತಿರುಗಿಸಿ, ಅವನ ತಲೆಯನ್ನು ಹೊರಕ್ಕೆ ತಳ್ಳಿ ಬಿಡಿಸಿಕೊಳ್ಳಬೇಕು. ತೊಡೆಯ ಹಿಂಭಾಗ ಬಿಗಿದವನಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಕಾಲು ಸೊಂಟದ ಮಟ್ಟ ದಾಟುತ್ತಲೇ ಬೆನ್ನು ಗೂನಾಗುತ್ತದೆ, ತೂಕ ಹಿಮ್ಮಡಿಗೆ ಹೋಗುತ್ತದೆ, 2 ಪಾಯಿಂಟ್ ಎದುರಾಳಿಯ ಪಾಲಾಗುತ್ತದೆ. ಬಿಡಿಸಿಕೊಳ್ಳುವ ಪಟ್ಟು ಅವನಿಗೆ ಗೊತ್ತೇ ಇರುತ್ತದೆ, ಹಾಕಲು ಮೈ ಬಾಗುವುದಿಲ್ಲ.

ಹೊಸದಾಗಿ ಬಂದವರಿಗೆ ನಾನು ಮೊದಲು ಮಾಡಿಸುವುದು ಒಂದು ಟವೆಲ್ಲಿನ ಪರೀಕ್ಷೆ. ಅಂಗಾತ ಮಲಗಿ, ಪಾದಕ್ಕೆ ಟವೆಲ್ ಹಾಕಿ, ಮಂಡಿ ಮಡಿಸದೆ ಕಾಲನ್ನು ಎಳೆದಷ್ಟೂ ಮೇಲಕ್ಕೆ ಎಳೆಯಬೇಕು. ಇನ್ನೊಂದು ಕಾಲು ನೆಲ ಬಿಡಬಾರದು. ಆಮೇಲೆ ಟವೆಲ್ ತೆಗೆದು ಅದೇ ಕಾಲನ್ನು ಬರೀ ತನ್ನ ಶಕ್ತಿಯಿಂದ ಎತ್ತಬೇಕು. ಟವೆಲ್‌ನಿಂದ 90 ಡಿಗ್ರಿ ಬಂದು, ತಾನಾಗಿ ಎತ್ತಿದರೆ 65 ಮಾತ್ರ ಬಂದರೆ, ನಡುವಿನ 25 ಡಿಗ್ರಿಯಲ್ಲಿ ಕಾಲು ಹೋಗುತ್ತದೆ, ಆದರೆ ಅಲ್ಲಿ ಹಿಡಿತವಿಲ್ಲ. ಎದುರಾಳಿ ಜಗ್ಗಿದಾಗ ಸ್ನಾಯು ಹರಿಯುವ ಅಪಾಯ ಹೆಚ್ಚಿರುವುದು ಆ ಜಾಗದಲ್ಲೇ. ಆದ್ದರಿಂದ ಸುಮ್ಮನೆ ಎಳೆದು ಉದ್ದ ಮಾಡಿಕೊಂಡ ಮೈಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿದ ಜಾಗದಲ್ಲಿ ಬಲವೂ ಇರಬೇಕು.

ಗರಡಿಯ ಹಳೆಯ ಸಾಮಿನಲ್ಲಿ ಇದು ಬಹಳಷ್ಟು ಮಟ್ಟಿಗೆ ಇದೆ, ಪೂರ್ತಿ ಮಾಡಿದರೆ. ದಂಡವನ್ನೇ ತೆಗೆದುಕೊಳ್ಳಿ. ಸೊಂಟ ಮೇಲೆತ್ತಿ, ತಲೆ ಎರಡು ತೋಳುಗಳ ನಡುವೆ, ಹಿಮ್ಮಡಿ ನೆಲದ ಕಡೆಗೆ: ಇಲ್ಲಿ ಭುಜ ಮತ್ತು ತೊಡೆಯ ಹಿಂಭಾಗ ತೆರೆಯುತ್ತವೆ. ಎದೆ ನೆಲ ಸವರುವಂತೆ ಮುಂದಕ್ಕೆ ಜಾರಿ ಮೇಲೆದ್ದಾಗ ಬೆನ್ನಿನ ಮೇಲ್ಭಾಗ ಮತ್ತು ತೊಡೆಸಂದು ಹಿಗ್ಗುತ್ತವೆ. ಇಷ್ಟೆಲ್ಲ ಒಂದೇ ದಂಡದಲ್ಲಿದೆ. ಸಂಖ್ಯೆಯ ಹಿಂದೆ ಬಿದ್ದಾಗ ಇದು ಕೆಡುತ್ತದೆ. ಇನ್ನೂರು ಮುನ್ನೂರು ಹೊಡೆಯುವ ಹುಡುಗರ ಸೊಂಟ ನೂರರ ನಂತರ ಮೇಲೇಳುವುದೇ ಇಲ್ಲ, ಮೊಣಕೈ ಮಾತ್ರ ಮಡಿಯುತ್ತಿರುತ್ತದೆ. ಎದೆ ಎತ್ತುವಾಗ ಪೃಷ್ಠವನ್ನು ಬಿಗಿಹಿಡಿಯದಿದ್ದರೆ ಪೂರ್ತಿ ಬಾಗು ಸೊಂಟದ ಕೆಳಗಿನ ಒಂದೆರಡು ಕೀಲುಗಳ ಮೇಲೆ ಬೀಳುತ್ತದೆ. ಅಲ್ಲಿ ನೋವು ಶುರುವಾದ ಮೇಲೆ ಗರಡಿ ಸಾಮೇ ಕೆಟ್ಟದ್ದೆಂದು ಬಿಟ್ಟುಬಿಡುವವರಿದ್ದಾರೆ, ಅದು ಅನ್ಯಾಯ. ನಾನು 20ರ ಕಂತುಗಳಾಗಿ ಹೊಡೆಸುತ್ತೇನೆ. ಮೇಲಿನ ಸ್ಥಿತಿಯಲ್ಲಿ ಒಂದು ಉಸಿರು, ಎದೆ ಎತ್ತಿದ ಸ್ಥಿತಿಯಲ್ಲಿ ಒಂದು ಉಸಿರು ನಿಲ್ಲಬೇಕು.

ಬಸ್ಕಿಯ ವಿಷಯ ಸ್ವಲ್ಪ ಬೇರೆ. ಗರಡಿ ಬಸ್ಕಿಯಲ್ಲಿ ಕುಳಿತಾಗ ಹಿಮ್ಮಡಿ ಮೇಲೇಳುತ್ತದೆ. ತೊಡೆಗೂ ದಮ್ಮಿಗೂ ಒಳ್ಳೆಯದು, ಆದರೆ ಹಿಮ್ಮಡಿ ನೆಲದಲ್ಲಿದ್ದಾಗ ಮಂಡಿ ಪಾದದ ಬೆರಳು ದಾಟಿ ಮುಂದೆ ಹೋಗುವ ಅಭ್ಯಾಸ ಪಾದದ ಕೀಲಿಗೆ ಸಿಗುವುದೇ ಇಲ್ಲ. ಎದುರಾಳಿಯ ಎರಡೂ ಕಾಲು ಹಿಡಿಯುವ ಡಬಲ್ ಲೆಗ್‌ಗೆ ನುಗ್ಗುವಾಗ ಬೇಕಾಗುವುದು ಅದೇ. ಕೀಲು ಮಡಿಯದಿದ್ದರೆ ಪಾದ ಹೊರಕ್ಕೆ ತಿರುಗುತ್ತದೆ, ಮಂಡಿ ಒಳಕ್ಕೆ ಕುಸಿಯುತ್ತದೆ, ಅದರ ಮೇಲೆ ಎದುರಾಳಿಯ ತೂಕ ಬೀಳುತ್ತದೆ. ಗೋಡೆಯ ಮುಂದೆ ನಿಂತು ನೋಡಿಕೊಳ್ಳಬಹುದು: ಹೆಬ್ಬೆರಳು ಗೋಡೆಯಿಂದ 10 ಸೆಂಟಿಮೀಟರ್ ದೂರ, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗಬೇಕು. 6 ಸೆಂಟಿಮೀಟರಿನಲ್ಲೂ ತಾಗದವರಿಗೆ ಎಲ್ಲಿ ಬಿಗಿ ಎಂದು ಕೇಳುತ್ತೇನೆ. ಹಿಂದೆ ಮೀನಖಂಡದಲ್ಲಿ ಎಳೆತ ಎಂದರೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಸಿ ಏರಿಸುವುದು, 12ರಂತೆ 3 ಸುತ್ತು, ಇಳಿಯಲು 3 ಸೆಕೆಂಡು. ಮುಂದೆ ಕೀಲಿನಲ್ಲೇ ಚುಚ್ಚಿದಂತೆ ಎಂದರೆ ಮೀನಖಂಡ ಎಳೆದು ಪ್ರಯೋಜನ ಕಡಿಮೆ. ಒಂದು ಮಂಡಿ ಊರಿ ಕುಳಿತು, ಮುಂದಿನ ತೊಡೆಯ ಮೇಲೆ 5ರಿಂದ 10 ಕಿಲೋ ತೂಕ ಇಟ್ಟು, ನೋವು ಬರದಷ್ಟರಲ್ಲಿ ಮಂಡಿಯನ್ನು ಕಿರುಬೆರಳಿನ ದಿಕ್ಕಿಗೆ ನಿಧಾನವಾಗಿ ತಳ್ಳುತ್ತಾ ಕೆಲವು ವಾರ ಮಾಡಬೇಕು. ಹಳೆಯ ಉಳುಕು ಇದ್ದವರಿಗೆ ಇದು ನಿಧಾನ.

ದಂಡ ಬಸ್ಕಿ ಎರಡೂ ಮೈಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಒಯ್ಯುತ್ತವೆ. ತಿರುಚುವ ಕೆಲಸವನ್ನು ಗರಡಿಯಲ್ಲಿ ಗದೆ ಮಾಡುತ್ತದೆ. ಇರಾನಿನ ಹಳೆಯ ಕಸರತ್ತಿನ ಮನೆಗಳಾದ ಜೂರ್‌ಖಾನೆಗಳಲ್ಲಿ ಮೀಲ್ ಎಂಬ ಮರದ ಗದೆ ತಿರುಗಿಸುವುದೂ ಇದೇ ಕೆಲಸಕ್ಕೆ, ಅಲ್ಲಿ ಜೊತೆಗೆ ನಿಂತಲ್ಲೇ ಗಿರಗಿರನೆ ಸುತ್ತುವ ಅಭ್ಯಾಸವೂ ಉಂಟು. ಗದೆ ಆರಂಭಕ್ಕೆ 4–5 ಕಿಲೋ ಸಾಕು. ತಲೆಯ ಹಿಂದೆ ಹೋದಾಗ ಮೊಣಕೈ ಆಕಾಶ ನೋಡಬೇಕು. ಪಕ್ಕೆಲುಬು ಮುಂದಕ್ಕೆ ಉಬ್ಬಿ ಸೊಂಟ ಬಾಗಿದರೆ ತೂಕ ಹೆಚ್ಚಾಯಿತೆಂದೇ ಅರ್ಥ. ಬಲಗೈ ಮೇಲೆ ಎಷ್ಟೋ, ಎಡಗೈ ಮೇಲೆಯೂ ಅಷ್ಟೇ.

ಪಕ್ಕಕ್ಕೆ ಚಲಿಸುವುದು, ಚಪ್ಪೆಯ ಕೀಲನ್ನು (ತೊಡೆ ಸೊಂಟಕ್ಕೆ ಸೇರುವ ಕೀಲು) ಒಳಹೊರಗೆ ತಿರುಗಿಸುವುದು, ಬಿದ್ದು ಉರುಳುವುದು: ಹೊರಗಿನಿಂದ ಸೇರಿಸಿಕೊಳ್ಳಬೇಕಾದ್ದು ಈ ಮೂರು. ಪೈಲ್ವಾನರ ಅಭ್ಯಾಸಕ್ಕೆ ಬಗೆಬಗೆಯ ಚಲನೆ ಬೇಕೆಂಬುದು ನಮ್ಮ ನೆಲಕ್ಕೆ ಹೊಸ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರಿಗೆ ಭಾರ ಎತ್ತುವುದರ ಜೊತೆಗೆ ನಡಿಗೆ, ಈಜು, ಕಂಬದ ಅಭ್ಯಾಸಗಳನ್ನೂ ಹೇಳಿದೆ. ಲಕ್ಷ್ಮೇಶ್ವರದ ಕಡೆಯ ಮಲ್ಲಕಂಬದ ಮಕ್ಕಳನ್ನು ನೋಡಿದವರಿಗೆ ಕಂಬ ಎಷ್ಟು ಕಲಿಸುತ್ತದೆಂದು ಗೊತ್ತು. ತೊಡೆಯಿಂದ ಹಿಡಿಯುವುದು, ತಲೆಕೆಳಗಾದಾಗ ದಿಕ್ಕು ತಪ್ಪದಿರುವುದು ಕುಸ್ತಿಗೆ ನೇರವಾಗಿ ಬರುತ್ತವೆ.

ಚಪ್ಪೆಗೆ ನಾನು ದಿನವೂ ಬಿಡದೆ ಮಾಡಿಸುವುದು ಒಂದೇ. ನೆಲದಲ್ಲಿ ಕುಳಿತು ಮುಂದಿನ ಕಾಲು ಒಂದು ಲಂಬಕೋನ, ಪಕ್ಕಕ್ಕೆ ಹೋದ ಹಿಂದಿನ ಕಾಲು ಇನ್ನೊಂದು ಲಂಬಕೋನ. ಕೈ ಊರದೆ ಎರಡೂ ಮಂಡಿ ಎತ್ತಿ ಇನ್ನೊಂದು ಬದಿಗೆ ಹೊರಳಬೇಕು, ಬದಿಗೆ 8 ಸಲ. ಆಮೇಲೆ ಹಿಂದಿನ ಕಾಲಿನ ಮಂಡಿ ನೆಲದಲ್ಲೇ ಇಟ್ಟು ಪಾದವನ್ನಷ್ಟೇ ಮೇಲೆತ್ತಿ 5 ಸೆಕೆಂಡು ಹಿಡಿಯಬೇಕು. ಪಾದ ಎರಡು ಬೆರಳಷ್ಟು ಎದ್ದರೆ ಹೆಚ್ಚು, ಹಲವರಿಗೆ ಏಳುವುದೇ ಇಲ್ಲ. ಚಪ್ಪೆಯ ಪಕ್ಕದಲ್ಲಿ ಸ್ನಾಯು ಹಿಡಿದುಕೊಂಡರೆ ಗಾಬರಿ ಬೇಡ, ಕಾಲು ಒದರಿ ಮತ್ತೆ ಮಾಡಿದರಾಯಿತು. ಮಂಡಿಯ ಒಳಬದಿ ನೊಂದರೆ ಮಾತ್ರ ನಿಲ್ಲಿಸಿ, ಕೂರುವ ಜಾಗಕ್ಕೆ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿಕೊಳ್ಳಬೇಕು. ಇದರ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಎದುರಾಳಿ ಕಾಲು ತಿರುಚಿದಾಗ ಆ ತಿರುವನ್ನು ಚಪ್ಪೆ ತೆಗೆದುಕೊಳ್ಳಬೇಕು. ಚಪ್ಪೆ ತಿರುಗದಿದ್ದರೆ ಅದು ಮಂಡಿಗೆ ಬರುತ್ತದೆ, ಮಂಡಿಗೆ ತಿರುಗುವ ಅವಕಾಶ ತೀರ ಕಡಿಮೆ.

ಮಟ್ಟಿಯಿಂದ, ಅಂದರೆ ಗರಡಿಯ ಮಣ್ಣಿನ ಅಖಾಡದಿಂದ, ಮ್ಯಾಟಿಗೆ ಬರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಮಟ್ಟಿಯಲ್ಲಿ ಬರಿಗಾಲು ಮಣ್ಣಿನಲ್ಲಿ ಜಾರಿ ತಿರುಗುತ್ತದೆ. ಮ್ಯಾಟಿನ ಮೇಲೆ ರಬ್ಬರ್ ತಳದ ಶೂ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಅದಕ್ಕೇ ಮೊದಲ ತಿಂಗಳು ಹಿಮ್ಮಡಿ ಸ್ವಲ್ಪ ಎತ್ತಿ ಮುಂಗಾಲಿನ ಮೇಲೆ ತಿರುಗುವುದನ್ನು ಜೋಡಿ ಇಲ್ಲದೆ ಒಂಟಿಯಾಗಿ ಮಾಡಿಸುತ್ತೇನೆ.

ಬಗೆಬಗೆಯ ಚಲನೆಗೆ ಅಭ್ಯಾಸದ ಮೊದಲ 10–12 ನಿಮಿಷ ಮೀಸಲು. ಕರಡಿ ನಡಿಗೆ, ಏಡಿ ನಡಿಗೆ, ಭುಜದ ಮೇಲೆ ಮುಂದಕ್ಕೂ ಹಿಂದಕ್ಕೂ ಉರುಳು, ಗಾಲಿ ಲಾಗ, ಸ್ಪ್ರಾಲ್ (ಕಾಲಿಗೆ ನುಗ್ಗಿದವನಿಂದ ಎರಡೂ ಕಾಲನ್ನು ಹಿಂದಕ್ಕೆಸೆದು ಸೊಂಟ ಕೆಳಕ್ಕೆ ಒತ್ತುವುದು). ನಿಯಮ ಒಂದೇ: ಪ್ರತಿ ಸುತ್ತಿಗೂ ಏನಾದರೊಂದು ಬದಲಾಗಬೇಕು. ದಿಕ್ಕು, ಎತ್ತರ, ವೇಗ, ಅಥವಾ ಶುರುಮಾಡುವ ಕಾಲು. ಒಂದೇ ಕ್ರಮವನ್ನು ತಿಂಗಳುಗಟ್ಟಲೆ ಮಾಡಿದರೆ ಹುಡುಗರು ಅದರಲ್ಲಿ ಚುರುಕಾಗುತ್ತಾರೆ ಅಷ್ಟೇ, ಗೊತ್ತಿಲ್ಲದ ಬದಿಗೆ ಬಿದ್ದಾಗ ಮೈ ಸೆಟೆಯುತ್ತದೆ. ಕೊನೆಯ 3 ನಿಮಿಷ ಜೋಡಿಯಾಟ: ಕುಕ್ಕರಗಾಲಿನಲ್ಲಿ ಕುಳಿತು ಅಂಗೈಗೆ ಅಂಗೈ ತಳ್ಳುವುದು, ಎದುರಾಳಿಯ ಮಂಡಿ ಮುಟ್ಟಿ ತನ್ನದು ತಪ್ಪಿಸುವುದು. ಎದುರಿಗಿರುವವನು ಏನು ಮಾಡುತ್ತಾನೆಂದು ಗೊತ್ತಿಲ್ಲದಿರುವಾಗ ಕಲಿಯುವ ಚಲನೆಯೇ ಜೋಡಿಯಲ್ಲಿ, ಅಂದರೆ ಪಂದ್ಯದಲ್ಲಿ, ಉಳಿಯುತ್ತದೆ.

ಹಿಡಿದು ಎಳೆಯುವ ಕೆಲಸವೆಲ್ಲ ಅಭ್ಯಾಸ ಮುಗಿದ ಮೇಲೆ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಸ್ಫೋಟಕ ಶಕ್ತಿ ಸ್ವಲ್ಪ ಹೊತ್ತು ತಗ್ಗುತ್ತದೆ, ಜೋಡಿಗೆ ಮುಂಚೆ ಅದು ಬೇಡ. ತೊಡೆಯ ಹಿಂಭಾಗಕ್ಕೆ ಹೀಗೆ: ಮಲಗಿದವನ ಕಾಲನ್ನು ಜೊತೆಗಾರ ಭುಜದ ಮೇಲಿಟ್ಟುಕೊಳ್ಳುತ್ತಾನೆ. ಮಲಗಿದವನು ಅರ್ಧ ಶಕ್ತಿಯಿಂದ 6–8 ಸೆಕೆಂಡು ಕೆಳಕ್ಕೆ ಒತ್ತಿ, ಉಸಿರು ಬಿಟ್ಟು ಸಡಿಲಿಸುತ್ತಾನೆ. ಜೊತೆಗಾರ ಕಾಲನ್ನು ಸ್ವಲ್ಪ ಮುಂದಕ್ಕೆ ಒಯ್ದು 20 ಸೆಕೆಂಡು ಹಿಡಿಯುತ್ತಾನೆ. 3 ಸುತ್ತು. ಕೊನೆಯಲ್ಲಿ ಜೊತೆಗಾರ ಭುಜ ತೆಗೆದ ಮೇಲೆ ಕಾಲನ್ನು ತಾನೇ ಅಲ್ಲಿ 3 ಸೆಕೆಂಡು ನಿಲ್ಲಿಸಬೇಕು. ಈ ಕೊನೆಯದನ್ನು ಬಿಟ್ಟರೆ ಟವೆಲ್ಲಿನ ಅಂತರ ಕಡಿಮೆಯಾಗುವುದೇ ಇಲ್ಲ. ನಡುಗುವಷ್ಟು ನೋವಾದರೆ ಜೊತೆಗಾರ ಅತಿ ಮಾಡುತ್ತಿದ್ದಾನೆ.

ಕತ್ತಿನ ಸೇತುವೆಯ, ಅಂದರೆ ತಲೆ ಮತ್ತು ಪಾದ ಊರಿ ಮೈಯನ್ನು ಕಮಾನಿನಂತೆ ಎತ್ತುವುದರ ವಿಷಯದಲ್ಲಿ ನಾನು ಬಹಳ ಬಿಗಿ. ಬೆನ್ನು ಮ್ಯಾಟಿನ ಕಡೆಗೆ ತಿರುಗಿದಾಗ ಎರಡು ಭುಜ ತಾಗಿ ಚಿತ್ ಆಗದಂತೆ ಉಳಿಸುವುದು ಅದೇ, ಆದರೆ ಅದರ ಕಮಾನು ಬರಬೇಕಾದ್ದು ಬೆನ್ನಿನ ಮೇಲ್ಭಾಗದಿಂದ, ತೊಡೆಸಂದಿನಿಂದ. ಅವೆರಡೂ ಬಾಗದವನು ಸೇತುವೆ ಹಾಕಿದರೆ ಪೂರ್ತಿ ಭಾರ ಕತ್ತಿಗೆ. ಮೊದಲು ಅಂಗೈಯಿಂದ ತಲೆಯನ್ನು ನಾಲ್ಕು ದಿಕ್ಕಿಗೂ ಒತ್ತಿ, ತಲೆ ಅಲುಗದಂತೆ 10 ಸೆಕೆಂಡು. ಆಮೇಲೆ ಕೈಗಳಿಗೆ ಭಾರ ಕೊಟ್ಟು ನೆತ್ತಿಯನ್ನು ಮಡಿಸಿದ ಬಟ್ಟೆಯ ಮೇಲಿಟ್ಟು ತೂಗುವುದು. ಕೈ ಬಿಟ್ಟ ಸೇತುವೆ ತಿಂಗಳುಗಳ ನಂತರ. ತೋಳಿಗೆ ಜೋಮು ಅಥವಾ ಕರೆಂಟ್ ಹೊಡೆದಂತಾದರೆ ಆ ದಿನವೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹುಟ್ಟಿನಿಂದಲೇ ಕೀಲು ಸಡಿಲವಿರುವ ಮಕ್ಕಳಿದ್ದಾರೆ. ಹೆಬ್ಬೆರಳು ಮಡಿಸಿದರೆ ಮುಂಗೈಗೆ ತಾಗುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ. ಅವರನ್ನು ಎಳೆಯಲೇಬಾರದು. ಅವರಿಗೆ ಬೇಕಾದ್ದು ನಿಧಾನದ ದಂಡ, ಹಗ್ಗ ಹತ್ತುವುದು, ಬಲ. 12ರಿಂದ 15 ವರ್ಷದವರು ಮಂಡಿಯ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿ ನೋಯುತ್ತದೆ ಎಂದರೆ ಬಸ್ಕಿಯ ಸಂಖ್ಯೆ ಅರ್ಧಕ್ಕಿಳಿಸಿ. ಸೋಮಾರಿತನ ಎಂದುಕೊಂಡು ಹೆಚ್ಚು ಹೊಡೆಸುವುದು ತಪ್ಪು.

ಟವೆಲ್ ಮತ್ತು ಗೋಡೆಯ ಅಳತೆಗಳನ್ನು 4 ವಾರಕ್ಕೊಮ್ಮೆ ಎರಡೂ ಕಾಲಿಗೆ ಬರೆದಿಡುತ್ತೇವೆ, ಸಂಜೆಯ ಅದೇ ಹೊತ್ತಿಗೆ, ಏಕೆಂದರೆ ಬೆಳಗಿನ ಮೈ ಯಾವಾಗಲೂ ಬಿಗಿ. ಸ್ಪರ್ಧೆಯ ವಾರದಲ್ಲಿ ಹೊಸದೇನೂ ಇಲ್ಲ. ತೂಕ ಇಳಿಸಲು ನೀರು ಕಡಿಮೆ ಮಾಡಿದವರಿಗೆ ಸ್ನಾಯು ಬೇಗ ಹಿಡಿದುಕೊಳ್ಳುತ್ತದೆ, ಅಂಥವರ ಕಾಲನ್ನು ಜೊತೆಗಾರರು ಎಳೆಯಬಾರದು. ಜೋಡಿಯ ಎರಡು ಸುತ್ತುಗಳ ನಡುವಿನ 30 ಸೆಕೆಂಡಿನಲ್ಲೂ ಅಷ್ಟೇ: ಕುಳಿತು ಎಳೆಯುವುದು ಬೇಡ, ನಿಂತು ತೋಳು ಒದರಿ, ಚಪ್ಪೆಯನ್ನು ಎರಡೂ ಬದಿಗೆ ಸುತ್ತಿಸಿ, ಉದ್ದಕ್ಕೆ ಉಸಿರು ಬಿಟ್ಟು ಒಳಗೆ ಹೋಗಬೇಕು.